ಅನಾಥಾಲಯದ ಸ್ವಯಂಸೇವಕರನ್ನು ದೇಶಗಳು ಏಕೆ ಬೇಡವೆನ್ನುತ್ತಿವೆ?

ಪುಟ್ಟ ಮಕ್ಕಳ ಆರೈಕೆಗೆಂದು ಸ್ವಂತ ಖರ್ಚಿನಲ್ಲಿ ದೂರದೇಶಕ್ಕೆ ಹೊರಟವರನ್ನು ಯಾವುದೇ ಸರ್ಕಾರ ಏಕೆ ತಡೆಯಬೇಕು ಎಂಬ ಪ್ರಶ್ನೆ, ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳನ್ನು ಓದಿದವರಲ್ಲಿ ಏಳುವುದು ಸಹಜ. ವಿದೇಶಗಳ ಅನಾಥಾಲಯಗಳಲ್ಲಿ ತರಬೇತಿಯಿಲ್ಲದೆ ಅಲ್ಪಾವಧಿ ಸ್ವಯಂಸೇವೆ ಮಾಡುವುದು ಬೇಡವೆಂದು ಆಸ್ಟ್ರೇಲಿಯಾ 2018ರಿಂದ ತನ್ನ ಪ್ರಜೆಗಳಿಗೆ ಹೇಳುತ್ತಿದೆ. ಕೀನ್ಯಾ 2017ರಲ್ಲಿ ಹೊಸ ಮಕ್ಕಳ ಗೃಹಗಳ ನೋಂದಣಿಯನ್ನು ನಿಲ್ಲಿಸಿತು. ಬಳಿಕ 2022ರಿಂದ 2032ರವರೆಗಿನ ಹತ್ತು ವರ್ಷಗಳ ಯೋಜನೆಯೊಂದನ್ನು ರೂಪಿಸಿ, ಗೃಹಗಳಲ್ಲಿರುವ ಮಕ್ಕಳನ್ನು ಹಂತಹಂತವಾಗಿ ಕುಟುಂಬಗಳಿಗೆ ಮರಳಿಸುವ ದಾರಿ ಹಿಡಿದಿದೆ. ವಿಶ್ವಸಂಸ್ಥೆಯ ಮಹಾಸಭೆಯು 2019ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳಿಗೆ ಸಂಬಂಧಿಸಿದ ಸ್ವಯಂಸೇವಾ ಕಾರ್ಯಕ್ರಮಗಳ ಅಪಾಯವನ್ನು ಹೆಸರಿಸಿಯೇ ಎಚ್ಚರಿಸಿದೆ.

ಇವೆಲ್ಲದರ ನಡುವೆಯೂ ಎರಡು ವಾರ, ನಾಲ್ಕು ವಾರಗಳ ಶಿಶುಪಾಲನೆಯ ಅವಕಾಶಗಳು ಇಂಟರ್ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಪದವಿ ಮುಗಿಸಿ ಕೆಲಸಕ್ಕೆ ಸೇರುವ ಮೊದಲು ಒಂದು ತಿಂಗಳು ಏನಾದರೂ ಒಳ್ಳೆಯದನ್ನು ಮಾಡಬೇಕೆನ್ನುವ ಯುವಕ ಯುವತಿಯರು ಅವುಗಳಿಗೆ ಅರ್ಜಿ ಹಾಕುತ್ತಾರೆ. ಅವರ ಮನಸ್ಸಿನ ಒಳ್ಳೆಯತನದ ಬಗ್ಗೆ ಇಲ್ಲಿ ಯಾರಿಗೂ ಅನುಮಾನವಿಲ್ಲ. ಆ ಒಳ್ಳೆಯತನ ಹರಿದುಹೋಗುವ ಕಾಲುವೆ ಎಂಥದ್ದು, ಅದರ ಇನ್ನೊಂದು ತುದಿಯಲ್ಲಿರುವ ಮಗುವಿಗೆ ಏನಾಗುತ್ತದೆ ಎಂಬುದನ್ನು ನೋಡಿದರೆ ಮಾತ್ರ ಸರ್ಕಾರಗಳ ನಿಲುವು ಅರ್ಥವಾಗುತ್ತದೆ.

ತಂದೆ ತಾಯಿ ಇರುವ ಅನಾಥರು

ಅನಾಥಾಲಯ ಎಂದಾಕ್ಷಣ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಗು ನಮ್ಮ ಕಣ್ಣಮುಂದೆ ಬರುತ್ತದೆ. ವಾಸ್ತವ ಬೇರೆ. ಕಾಂಬೋಡಿಯಾ ಸರ್ಕಾರ ಮತ್ತು ಯುನಿಸೆಫ್ ಸೇರಿ 2011ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಲ್ಲಿನ ಮಕ್ಕಳ ಗೃಹಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಅದಕ್ಕಿಂತ ಗಮನಾರ್ಹವಾದ ಅಂಶ ಇನ್ನೊಂದಿದೆ. 2005ರಲ್ಲಿ 153 ಇದ್ದ ಗೃಹಗಳ ಸಂಖ್ಯೆ 2010ರ ಹೊತ್ತಿಗೆ 269ಕ್ಕೆ ಏರಿತ್ತು. ಆ ಐದು ವರ್ಷಗಳಲ್ಲಿ ದೇಶದಲ್ಲಿ ಯುದ್ಧವೂ ಇರಲಿಲ್ಲ, ತಂದೆ ತಾಯಿಯರನ್ನು ಇದ್ದಕ್ಕಿದ್ದಂತೆ ಬಲಿ ತೆಗೆದುಕೊಂಡ ಮಹಾಮಾರಿಯೂ ಇರಲಿಲ್ಲ. ಹೆಚ್ಚಿದ್ದು ಪ್ರವಾಸಿಗರು. ಅಂಕೋರ್ ವಾಟ್ ನೋಡಲು ಜನ ಬಂದಿಳಿಯುವ ಸಿಯೆಮ್ ರೀಪ್‌ನಂಥ ಊರುಗಳಲ್ಲಿ ಗೃಹಗಳೂ ಹೆಚ್ಚಿದವು. ಪ್ರವಾಸಿಗರ ಮುಂದೆ ಮಕ್ಕಳಿಂದ ನೃತ್ಯ ಮಾಡಿಸಿ ದೇಣಿಗೆ ಕೇಳುವುದು ಅಲ್ಲಿ ಮಾಮೂಲಾಗಿತ್ತು. ಮಕ್ಕಳು ಪ್ರವಾಸಿ ತಾಣಗಳಲ್ಲ ಎಂಬ ಅಭಿಯಾನ ಅಲ್ಲಿಂದಲೇ ಹುಟ್ಟಿದ್ದು ಈ ಕಾರಣಕ್ಕೆ.

ನೇಪಾಳದ ಕಥೆ ಇನ್ನೂ ಕಠಿಣವಾದುದು. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಂಘರ್ಷದ ಕಾಲದಲ್ಲಿ, ರಸ್ತೆಯೇ ಇಲ್ಲದ ಹುಮ್ಲಾದಂಥ ಬೆಟ್ಟದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋದರು. ಮಗುವನ್ನು ಬಂಡುಕೋರರ ಕೈಗೆ ಸಿಗದಂತೆ ಕಾಠ್ಮಂಡುವಿಗೆ ಕರೆದೊಯ್ದು ಒಳ್ಳೆಯ ಶಾಲೆಯಲ್ಲಿ ಓದಿಸುತ್ತೇವೆಂದು ತಂದೆ ತಾಯಿಯರನ್ನು ನಂಬಿಸಿದರು. ಅದಕ್ಕಾಗಿ ಅವರಿಂದಲೇ ಹಣವನ್ನೂ ಪಡೆದರು. ಹೀಗೆ ಬಂದ ಮಕ್ಕಳು ಕಾಠ್ಮಂಡು ಕಣಿವೆಯಲ್ಲಿ, ಪೊಖರಾದಲ್ಲಿ ಅನಾಥರಾಗಿ ನೋಂದಾಯಿಸಲ್ಪಟ್ಟರು. ನೇಪಾಳದ ನೋಂದಾಯಿತ ಮಕ್ಕಳ ಗೃಹಗಳಲ್ಲಿ ಬಹುಪಾಲು ಇರುವುದು ಪ್ರವಾಸಿಗರು ಹೆಚ್ಚಾಗಿ ಬರುವ ಕಾಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತ್ವಾನ್ ಜಿಲ್ಲೆಗಳಲ್ಲಿ. ಕಷ್ಟ ಹೆಚ್ಚಿರುವ ಬೆಟ್ಟದ ಜಿಲ್ಲೆಗಳನ್ನು ಬಿಟ್ಟು ಹಣ ಬರುವ ಕಡೆ ಗೃಹಗಳು ಕಟ್ಟಿಕೊಂಡಿವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಂಥ ಮಕ್ಕಳನ್ನು ಆಸ್ಟ್ರೇಲಿಯಾದ ಕಾನೂನು ವಿದ್ವಾಂಸೆ ಕ್ಯಾಥರಿನ್ ವ್ಯಾನ್ ಡೋರ್ ‘ಕಾಗದದ ಅನಾಥರು’ ಎಂದು ಕರೆದಿದ್ದಾರೆ. ಕಾಗದದಲ್ಲಿ ಮಾತ್ರ ಇವರು ಅನಾಥರು. ತಂದೆಯ ಸುಳ್ಳು ಮರಣಪತ್ರ, ಬದಲಾಯಿಸಿದ ಹೆಸರು ಮತ್ತು ಊರುಗಳ ಮೂಲಕ ಒಂದು ಮಗುವಿನ ಹಿಂದಿನ ಬದುಕನ್ನೇ ಅಳಿಸಿಹಾಕಬಹುದು.

ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಸ್ವಯಂಸೇವಕರು ಶುಲ್ಕ ಕೊಟ್ಟು ಬರುತ್ತಾರೆ, ಊರಿಗೆ ಮರಳಿದ ಮೇಲೂ ದೇಣಿಗೆ ಕಳಿಸುತ್ತಾರೆ. ಆ ಹಣ ಬರಬೇಕಾದರೆ ಗೃಹದಲ್ಲಿ ಮಕ್ಕಳಿರಬೇಕು, ಅದರಲ್ಲೂ ಎತ್ತಿ ಮುದ್ದಾಡಬಹುದಾದ ಚಿಕ್ಕ ಮಕ್ಕಳಿರಬೇಕು. ಮಕ್ಕಳು ಸಾಲದಾದಾಗ ಬಡ ಕುಟುಂಬಗಳಿಂದ ಕರೆತರುವ ದಲ್ಲಾಳಿ ಹುಟ್ಟಿಕೊಳ್ಳುತ್ತಾನೆ. ಗೃಹದ ಸ್ಥಿತಿ ಸುಧಾರಿಸಿದರೆ ನೋಡುವವರ ಕರುಳು ಅಷ್ಟಾಗಿ ಚುರ್ರೆನ್ನುವುದಿಲ್ಲವಾದ್ದರಿಂದ, ಕೆಲವು ಕಡೆ ಮಕ್ಕಳನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ, ಹರಿದ ಬಟ್ಟೆಯಲ್ಲಿ ಇಟ್ಟದ್ದೂ ಬೆಳಕಿಗೆ ಬಂದಿದೆ. ಎಲ್ಲ ಗೃಹಗಳೂ ಹೀಗಿವೆ ಎಂದು ಹೇಳುವುದು ಅನ್ಯಾಯ. ಆದರೆ ಎರಡು ವಾರಕ್ಕೆಂದು ಬಂದ, ಸ್ಥಳೀಯ ಭಾಷೆ ಬಾರದ ವ್ಯಕ್ತಿಗೆ ಒಳ್ಳೆಯ ಗೃಹ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವ ದಾರಿಯೇ ಇಲ್ಲ.

ಬಂದು ಹೋಗುವ ಕೈಗಳು

ವಂಚನೆಯ ಸುಳಿವೇ ಇಲ್ಲದ, ಪ್ರಾಮಾಣಿಕವಾಗಿ ನಡೆಯುವ ಗೃಹದಲ್ಲಾದರೂ ಸ್ವಯಂಸೇವೆ ಮಾಡಬಹುದಲ್ಲವೇ? ಮಗುವಿನ ಬೆಳವಣಿಗೆಯನ್ನು ಅಧ್ಯಯನ ಮಾಡಿದವರು ಅದಕ್ಕೂ ಹಿಂಜರಿಯುತ್ತಾರೆ, ಮತ್ತು ಅವರ ಕಾರಣಗಳು ಗಟ್ಟಿಯಾಗಿವೆ.

ಎರಡನೇ ಮಹಾಯುದ್ಧದ ಬಳಿಕ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ. ಅನ್ನ, ಬಟ್ಟೆ, ಸೂರು ಎಲ್ಲ ಇದ್ದರೂ ತನ್ನವರೆಂಬ ಒಬ್ಬ ಸ್ಥಿರವಾದ ಪೋಷಕರಿಲ್ಲದೆ ಎಳೆಯ ಮಗು ಕುಗ್ಗಿಹೋಗುತ್ತದೆ ಎಂದು 1951ರ ಆ ವರದಿ ಹೇಳಿತು. ಅರ್ಧ ಶತಮಾನದ ನಂತರ ರೊಮೇನಿಯಾದಲ್ಲಿ ಈ ಮಾತಿಗೆ ಬಲವಾದ ಪುರಾವೆ ದೊರೆಯಿತು. ಜನಸಂಖ್ಯೆ ಹೆಚ್ಚಿಸಲು ಹೊರಟ ಚೌಷೆಸ್ಕು ಆಡಳಿತವು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ ಪರಿಣಾಮವಾಗಿ, ಸಾಕಲಾರದೆ ಬಿಟ್ಟುಹೋದ ಮಕ್ಕಳು ಸರ್ಕಾರಿ ಗೃಹಗಳನ್ನು ತುಂಬಿದರು. 1989ರಲ್ಲಿ ಆ ಆಡಳಿತ ಉರುಳಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿದ್ದರು. ಅಮೆರಿಕದ ಸಂಶೋಧಕರಾದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ 2000ದ ದಶಕದ ಆರಂಭದಲ್ಲಿ ಬುಕಾರೆಸ್ಟ್‌ನ ಗೃಹಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಚೀಟಿ ಎತ್ತುವ ರೀತಿಯಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಹೋಯಿತು, ಇನ್ನೊಂದು ಎಂದಿನ ವ್ಯವಸ್ಥೆಯಲ್ಲೇ ಉಳಿಯಿತು. ಕುಟುಂಬಕ್ಕೆ ಹೋದವರು ಬುದ್ಧಿಮತ್ತೆಯಲ್ಲಿ, ಮಾತಿನಲ್ಲಿ, ನಂಬಿಕೆಯ ಸಂಬಂಧ ಕಟ್ಟಿಕೊಳ್ಳುವುದರಲ್ಲಿ ಮುಂದೆ ಬಂದರು. ಸುಮಾರು ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಈ ಚೇತರಿಕೆ ಎದ್ದು ಕಾಣುವಷ್ಟಿತ್ತು. ಎರಡು ವರ್ಷದೊಳಗಿನ ಮಕ್ಕಳನ್ನು, ತೀವ್ರ ಅಂಗವೈಕಲ್ಯದ ಪ್ರಕರಣಗಳ ಹೊರತು, ಗೃಹಗಳಿಗೆ ಸೇರಿಸುವುದನ್ನು ರೊಮೇನಿಯಾ 2004ರ ಕಾನೂನಿನಲ್ಲಿ ನಿಷೇಧಿಸಿತು. ಮೂರು ವರ್ಷದೊಳಗಿನವರನ್ನು ಕುಟುಂಬದ ಆವರಣದಲ್ಲಿಯೇ ಬೆಳೆಸಬೇಕು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಹೇಳುತ್ತದೆ.

ಇದಕ್ಕೂ ಸ್ವಯಂಸೇವಕರಿಗೂ ಇರುವ ನಂಟು ಹೀಗಿದೆ. ಅಳುವ ಮಗುವಿಗೆ ಮತ್ತೆ ಮತ್ತೆ ಅದೇ ಮುಖ, ಅದೇ ದನಿ ಓಗೊಟ್ಟಾಗ, ಕರೆದರೆ ಬರುವವರಿದ್ದಾರೆ ಎಂಬ ಭರವಸೆ ಅದರೊಳಗೆ ನೆಲೆಗೊಳ್ಳುತ್ತದೆ. ಗೃಹಗಳಲ್ಲಿ ಪಾಳಿಯ ಮೇಲೆ ಬರುವ ಆಯಾಗಳಿಂದ ಇದು ಮೊದಲೇ ಕಷ್ಟ. ಅದರ ಮೇಲೆ ಎರಡು ವಾರಕ್ಕೊಮ್ಮೆ ಹೊಸ ಮುಖಗಳು ಬಂದು, ಎತ್ತಿಕೊಂಡು, ಉಣಿಸಿ, ಮಲಗಿಸಿ, ಮಗು ಹೊಂದಿಕೊಳ್ಳುವಷ್ಟರಲ್ಲಿ ಹೊರಟುಹೋದರೆ, ಪ್ರತಿ ಬಾರಿಯೂ ಅದು ಒಂದು ಅಗಲಿಕೆಯನ್ನು ಅನುಭವಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಏಡ್ಸ್‌ನಿಂದ ತಬ್ಬಲಿಗಳಾದ ಮಕ್ಕಳ ಗೃಹಗಳಿಗೆ ಪ್ರವಾಸಿಗರು ಬಂದು ಹೋಗುವುದರ ಬಗ್ಗೆ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ಬರೆದ ಪ್ರಬಂಧ ಎತ್ತಿದ ಮುಖ್ಯ ಆಕ್ಷೇಪ ಇದೇ.

ಅನಾಥಾಲಯಕ್ಕೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿಬಂದು ಅಪ್ಪಿಕೊಂಡರು ಎಂದು ಅನೇಕ ಸ್ವಯಂಸೇವಕರು ಸಂತೋಷದಿಂದ ಬರೆಯುತ್ತಾರೆ. ಆದರೆ ಮನೆಯಲ್ಲಿ ಬೆಳೆದ ಎರಡು ವರ್ಷದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ, ದೂರದಿಂದ ಇಣುಕಿ ನೋಡುತ್ತದೆ. ಯಾರು ಬಂದರೂ ಹಿಂಜರಿಕೆಯಿಲ್ಲದೆ ಮಡಿಲೇರುವುದನ್ನು ಬುಕಾರೆಸ್ಟ್‌ನ ಅಧ್ಯಯನವೂ ಸೇರಿದಂತೆ ಹಲವು ಸಂಶೋಧನೆಗಳು ಗೃಹಗಳಲ್ಲಿ ಬೆಳೆದ ಮಕ್ಕಳ ಒಂದು ತೊಂದರೆಯೆಂದೇ ದಾಖಲಿಸಿವೆ. ನಮಗೆ ಪ್ರೀತಿಯಾಗಿ ಕಂಡದ್ದು ಅಲ್ಲಿ ಕೊರತೆಯ ಗುರುತಾಗಿರಬಹುದು. ಎಲ್ಲರನ್ನೂ ನಂಬುವ ಮಗುವಿನ ಬಳಿಗೆ ಕೆಟ್ಟ ಉದ್ದೇಶದವರೂ ಸುಲಭವಾಗಿ ತಲುಪಬಲ್ಲರು. ನೈರೋಬಿಯ ಮಕ್ಕಳ ಗೃಹವೊಂದರಲ್ಲಿ ಸ್ವಯಂಸೇವೆಗೆ ಹೋಗಿದ್ದ ಅಮೆರಿಕದ ಯುವಕನೊಬ್ಬ ಅಲ್ಲಿನ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಸಾಬೀತಾಗಿ, ಅಮೆರಿಕದ ನ್ಯಾಯಾಲಯ 2016ರಲ್ಲಿ 40 ವರ್ಷಗಳ ಸೆರೆವಾಸ ವಿಧಿಸಿದ ಪ್ರಕರಣ ಈ ಅಪಾಯ ಬರೀ ಊಹೆಯಲ್ಲವೆಂದು ತೋರಿಸಿತು.

ಕಳ್ಳಸಾಗಣೆ ಎನ್ನಬಹುದೇ?

ಆಸ್ಟ್ರೇಲಿಯಾದ ಸಂಸದೀಯ ಸಮಿತಿಯೊಂದು ಆಧುನಿಕ ಗುಲಾಮಗಿರಿಯ ಕುರಿತು 2017ರಲ್ಲಿ ವರದಿ ನೀಡುವಾಗ, ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನೂ ಅದರೊಳಗೆ ಸೇರಿಸಿತು. ಮರುವರ್ಷ ಬಂದ ಕಾನೂನಿನಡಿ ವಾರ್ಷಿಕ 10 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ಆದಾಯವಿರುವ ಸಂಸ್ಥೆಗಳು ತಮ್ಮ ವ್ಯವಹಾರದಲ್ಲಿ ಇಂಥ ಅಪಾಯಗಳಿವೆಯೇ ಎಂದು ಪ್ರತಿವರ್ಷ ವರದಿ ಮಾಡಬೇಕು. ವಿದ್ಯಾರ್ಥಿಗಳನ್ನು ಸೇವಾ ಪ್ರವಾಸಕ್ಕೆ ಕಳಿಸುವ ವಿಶ್ವವಿದ್ಯಾಲಯ, ಪ್ರವಾಸದ ಪಟ್ಟಿಯಲ್ಲಿ ಅನಾಥಾಲಯ ಭೇಟಿಯನ್ನು ಸೇರಿಸುವ ಕಂಪನಿ ಎರಡೂ ಯೋಚಿಸಬೇಕಾದ ಪರಿಸ್ಥಿತಿ ಬಂತು.

ಗೊಂದಲ ಹುಟ್ಟುವುದು ಈ ‘ಕಳ್ಳಸಾಗಣೆ’ ಎಂಬ ಆರೋಪದ ಸುತ್ತ. ಮಾನವ ಕಳ್ಳಸಾಗಣೆ ತಡೆಯಲು ದೇಶಗಳು ಒಪ್ಪಿದ, ವಿಶ್ವಸಂಸ್ಥೆಯ 2000ದ ಪಲೆರ್ಮೊ ಪ್ರೋಟೊಕಾಲ್‌ನಂತೆ, ಸಾಗಿಸಿದ್ದು ಮಗುವನ್ನಾದರೆ ಮೋಸ ಅಥವಾ ಬಲಾತ್ಕಾರ ನಡೆಯಿತೆಂದು ತೋರಿಸಬೇಕಾಗಿಲ್ಲ. ಶೋಷಣೆಯ ಉದ್ದೇಶದಿಂದ ಸಾಗಿಸಿದ್ದು ಸಾಬೀತಾದರೆ ಸಾಕು. ಹಾಗಾದರೆ ಮಗುವನ್ನು ದುಡಿಸದೆ, ಮಾರದೆ, ಬರೀ ತೋರಿಸಿ ದೇಣಿಗೆ ಪಡೆಯುವುದು ಶೋಷಣೆಯೇ? ವ್ಯಾನ್ ಡೋರ್ ಅವರಂಥವರು ಹೌದೆನ್ನುತ್ತಾರೆ. ಮಗುವಿನ ಗುರುತನ್ನೇ ಬದಲಿಸಿ, ಅದರ ದುಃಖದಿಂದ ಲಾಭ ಮಾಡುವುದು ಶೋಷಣೆಯಲ್ಲದೆ ಮತ್ತೇನು ಎಂಬುದು ಅವರ ವಾದ. ಆದರೆ ಅನೇಕ ದೇಶಗಳ ದಂಡಸಂಹಿತೆಗಳು ಶೋಷಣೆಯನ್ನು ವಿವರಿಸುವಾಗ ಲೈಂಗಿಕ ಶೋಷಣೆ, ಜೀತ, ಅಂಗಾಂಗ ತೆಗೆಯುವುದು ಮುಂತಾದವನ್ನು ಹೆಸರಿಸಿ, ಇದನ್ನು ಹೆಸರಿಸದೆ ಬಿಟ್ಟಿವೆ. ಆದ್ದರಿಂದ ಇಂಥ ಗೃಹಗಳನ್ನು ನಡೆಸುವವರ ಮೇಲೆ ಕಳ್ಳಸಾಗಣೆಯ ಮೊಕದ್ದಮೆ ನಿಲ್ಲುವುದು ಕಷ್ಟವಾಗಿದೆ, ನೋಂದಣಿ ಇಲ್ಲವೆಂಬಂಥ ಚಿಕ್ಕ ತಪ್ಪಿಗೆ ದಂಡ ತೆತ್ತು ಪಾರಾಗುವುದು ಸುಲಭವಾಗಿದೆ.

ಗೃಹ ಮುಚ್ಚಿದರೆ ಮಗು ಎಲ್ಲಿಗೆ ಹೋಗಬೇಕು?

ಗೃಹಗಳನ್ನು ನಡೆಸುವವರ ವಾದವನ್ನೂ ಗೌರವದಿಂದ ಕೇಳಬೇಕು. ಮನೆಗೆ ಮರಳಿಸಿ ಎನ್ನುವುದು ಸುಲಭ, ಆ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಯಾರು ನೋಡುತ್ತಾರೆ ಎಂದು ಅವರು ಕೇಳುತ್ತಾರೆ. ಕುಡಿದು ಹೊಡೆಯುವ ತಂದೆಯಿಂದ ತಪ್ಪಿಸಿಕೊಂಡು ಬಂದ ಮಗು, ತೀವ್ರ ಅಂಗವೈಕಲ್ಯವಿರುವ ಮಗು, ಯಾರ ಮಗುವೆಂದೇ ತಿಳಿಯದೆ ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕ ಕೂಸು ಇವರಿಗೆಲ್ಲ ನಾಳೆ ಬೆಳಿಗ್ಗೆಯೇ ಸಾಕು ಕುಟುಂಬ ಸಿದ್ಧವಿರುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಕೀನ್ಯಾ ಗೃಹಗಳಿಂದ ಮಕ್ಕಳನ್ನು ಮನೆಗಳಿಗೆ ಕಳಿಸುವಂತೆ ಸೂಚಿಸಿತು. ಮನೆಯವರೊಂದಿಗೆ ಮಾತುಕತೆ, ಸಿದ್ಧತೆ, ಮುಂದಿನ ವಿಚಾರಣೆ ಯಾವುದಕ್ಕೂ ಸಮಯವಿರಲಿಲ್ಲ. ಅವಸರದ ಮುಚ್ಚುವಿಕೆ ಮಗುವನ್ನು ಇನ್ನೊಂದು ಆಘಾತಕ್ಕೆ ತಳ್ಳುತ್ತದೆ ಎಂಬ ಅವರ ಎಚ್ಚರಿಕೆ ಸರಿಯಾದುದೇ.

ಆದರೆ ಈ ವಾದ ಸಮರ್ಥಿಸುವುದು ನಿಧಾನದ ಬದಲಾವಣೆಯನ್ನು; ಅಪರಿಚಿತ ಸ್ವಯಂಸೇವಕರನ್ನು ತೊಟ್ಟಿಲ ಬಳಿ ಬಿಡುವುದನ್ನಲ್ಲ. ಕಾಂಬೋಡಿಯಾ 2016ರಿಂದ 2018ರ ನಡುವೆ ಐದು ಪ್ರಾಂತ್ಯಗಳಲ್ಲಿ ಗೃಹಗಳಲ್ಲಿರುವ ಶೇ 30ರಷ್ಟು ಮಕ್ಕಳನ್ನು ಕುಟುಂಬಗಳಿಗೆ ಮರಳಿಸುವ ಗುರಿಯಿಟ್ಟುಕೊಂಡಾಗ, ಒಂದೊಂದು ಮಗುವಿನ ಮನೆಯನ್ನೂ ಹುಡುಕಿ, ಪರಿಶೀಲಿಸಿ, ಆಮೇಲೂ ಭೇಟಿ ನೀಡುವ ಸಮಾಜಕಾರ್ಯಕರ್ತರು ಬೇಕಾದರು. ಅವರು ಆ ನೆಲದವರೇ, ಖ್ಮೇರ್ ಭಾಷೆಯವರೇ ಆಗಿರಬೇಕು. ಹೊರಗಿನವರ ಹಣ ಅವರ ಸಂಬಳಕ್ಕೆ ಹೋದರೆ ಮಗು ಮನೆ ಸೇರುತ್ತದೆ, ಗೃಹದ ಹೊಸ ಕಟ್ಟಡಕ್ಕೆ ಹೋದರೆ ಆ ಕಟ್ಟಡ ತುಂಬಲು ಇನ್ನಷ್ಟು ಮಕ್ಕಳು ಬರುತ್ತಾರೆ.

ಸ್ವಯಂಸೇವಕರನ್ನು ಕಳಿಸುವ ಕಂಪನಿಗಳಲ್ಲಿ ಕೆಲವು ಅನಾಥಾಲಯಗಳನ್ನು ಕೈಬಿಟ್ಟಿವೆ. ಇನ್ನು ಕೆಲವು ಹೆಸರನ್ನಷ್ಟೇ ಬದಲಿಸಿ ‘ಶಿಶು ಕೇಂದ್ರ’, ‘ಮಕ್ಕಳ ಗ್ರಾಮ’ ಎನ್ನುತ್ತಿವೆ. ಅರ್ಜಿದಾರರು ಫಲಕವನ್ನು ಓದಿ ಸಮಾಧಾನಪಡುವಂತಿಲ್ಲ.

ಹಾಗಾದರೆ ಸಿದ್ಧತೆ ಯಾವುದು?

ಚಿಕ್ಕ ಮಕ್ಕಳೊಂದಿಗೆ ಕೆಲಸ ಮಾಡಲು ವಿದೇಶಕ್ಕೆ ಹೊರಟವರು ಮೊದಲು ತಿಳಿಯಬೇಕಾದದ್ದು, ಆ ಮಗು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು. ಸಂಜೆ ಅಮ್ಮನೋ ಅಜ್ಜಿಯೋ ಬಂದು ಕರೆದೊಯ್ಯುವ ಬಾಲವಾಡಿ, ಹಗಲಿನ ಶಿಶುವಿಹಾರ ಅದಾಗಿದ್ದರೆ, ಮಗುವಿನ ಆಳವಾದ ನಂಟು ಮನೆಯಲ್ಲಿ ಭದ್ರವಾಗಿರುತ್ತದೆ. ಹೊರಗಿನವರು ಬಂದು ಹೋದರೆ ಅದಕ್ಕೆ ಬೀಳುವ ಪೆಟ್ಟು ಕಡಿಮೆ. ಮಗು ರಾತ್ರಿಯೂ ಅಲ್ಲೇ ಇರುವುದಾದರೆ, ಆರೈಕೆಯ ಕೆಲಸಕ್ಕೆ ಅಲ್ಪಾವಧಿಗೆ ಹೋಗದಿರುವುದೇ ಸರಿ ಎಂಬುದು ಈ ಲೇಖನದ ಸ್ಪಷ್ಟ ಅಭಿಪ್ರಾಯ.

ಎರಡನೆಯದು, ಕರೆಯುತ್ತಿರುವ ಸಂಸ್ಥೆ ನಿಮ್ಮನ್ನು ಎಷ್ಟು ಜಾಲಾಡಿಸುತ್ತದೆ ಎಂಬುದು. ಮಕ್ಕಳ ಸುರಕ್ಷತೆಯ ಬಗ್ಗೆ ಕಾಳಜಿ ಇರುವವರು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ. ಭಾರತೀಯರಿಗೆ ಇದು ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ದೊರೆಯುತ್ತದೆ. ಹಿಂದೆ ಕೆಲಸ ಮಾಡಿದ ಕಡೆಯವರನ್ನು ವಿಚಾರಿಸುತ್ತಾರೆ, ಸಂದರ್ಶನ ಮಾಡುತ್ತಾರೆ, ಮಗುವಿನೊಂದಿಗೆ ಒಬ್ಬರೇ ಇರಬಾರದು ಎಂಬಂಥ ಲಿಖಿತ ನಿಯಮಗಳಿಗೆ ಸಹಿ ಪಡೆಯುತ್ತಾರೆ. ಶುಲ್ಕ ಕಟ್ಟಿದ ಕೂಡಲೇ ಸ್ವಾಗತ ಎನ್ನುವ ಸಂಸ್ಥೆ ನಿಮ್ಮನ್ನು ಎಷ್ಟು ಸುಲಭವಾಗಿ ಒಳಬಿಟ್ಟಿತೋ ಇನ್ನೊಬ್ಬರನ್ನೂ ಅಷ್ಟೇ ಸುಲಭವಾಗಿ ಬಿಡುತ್ತದೆ.

ಅವಧಿ ಮತ್ತು ಭಾಷೆಯ ವಿಷಯದಲ್ಲಿ ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಪೀಸ್ ಕೋರ್‌ನ ಮಾದರಿ ನೋಡಬಹುದು. 1961ರಲ್ಲಿ ಆರಂಭವಾದ ಅದರಲ್ಲಿ ಸಾಂಪ್ರದಾಯಿಕ ಸೇವಾವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿಗೇ ಮೀಸಲು. ಎಲ್ಲರಿಗೂ ಅಷ್ಟು ದೀರ್ಘ ಬಿಡುವು ಸಿಗಲಾರದು. ಆದರೆ ಎರಡು ವರ್ಷದ ಮಗುವಿನ ಜೊತೆ ಮಾತಾಡಲು ಅದರ ಭಾಷೆಯ ನಾಲ್ಕು ವಾಕ್ಯವೂ ಬಾರದಿದ್ದರೆ, ಅಲ್ಲಿ ನಿಮ್ಮಿಂದ ಆಗುವ ಕೆಲಸವಾದರೂ ಏನು? ಸಮಯ ಕಡಿಮೆ ಇರುವವರು ಶಿಕ್ಷಕಿಯರಿಗೆ ಆಟಿಕೆ ಮಾಡಿಕೊಡುವುದು, ಕಡತಗಳನ್ನು ಕಂಪ್ಯೂಟರಿಗೆ ಏರಿಸುವುದು, ಶೌಚಾಲಯ ದುರಸ್ತಿ ಮಾಡುವುದು ಇಂಥ ತೆರೆಮರೆಯ ಕೆಲಸಗಳನ್ನು ಆಯ್ದುಕೊಳ್ಳಬಹುದು. ವಾಕ್‌ಚಿಕಿತ್ಸೆ, ಫಿಸಿಯೋಥೆರಪಿ, ಶುಶ್ರೂಷೆಯಂಥ ವಿದ್ಯೆ ಕಲಿತವರು ಅದನ್ನು ಸ್ಥಳೀಯ ಆರೈಕೆದಾರರಿಗೆ ಕಲಿಸಿ ಬರಬಹುದು. ಉಣಿಸುವುದು, ಮೀಯಿಸುವುದು, ಮಲಗಿಸುವುದು ಮಗುವಿನೊಂದಿಗೆ ಉಳಿಯುವವರ ಕೈಯಲ್ಲೇ ಇರಲಿ.

ಆರೋಗ್ಯದ ಸಿದ್ಧತೆಯೂ ಮಗುವಿನ ಕಡೆಯಿಂದ ಯೋಚಿಸಬೇಕಾದದ್ದು. ದೊಡ್ಡವರಲ್ಲಿ ಬರೀ ಕೆಮ್ಮಾಗಿ ಕಾಣುವ ನಾಯಿಕೆಮ್ಮು ಲಸಿಕೆ ಪೂರ್ಣವಾಗದ ಕೂಸಿಗೆ ಪ್ರಾಣಾಂತಿಕವಾಗಬಹುದು. ದಡಾರ ಮತ್ತು ನಾಯಿಕೆಮ್ಮಿನ ಲಸಿಕೆ, ಕ್ಷಯದ ತಪಾಸಣೆಯ ಬಗ್ಗೆ ವೈದ್ಯರನ್ನು ಹೊರಡುವ ಸಾಕಷ್ಟು ಮೊದಲೇ ಕಾಣಬೇಕು. ಫೋಟೊಗಳ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಮಕ್ಕಳ ಮುಖ ನಿಮ್ಮ ಫೋನಿನಲ್ಲಿ ಇರಬೇಕಾಗಿಲ್ಲ.

ವೀಸಾ ನಿಯಮ ದೇಶದಿಂದ ದೇಶಕ್ಕೆ ಬೇರೆ. ನೇಪಾಳದ ಪ್ರವಾಸಿ ವೀಸಾದಲ್ಲಿ ಬರುವ ವಿದೇಶಿಯರು ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ಭಾರತೀಯರಿಗಾದರೋ ಅಲ್ಲಿಗೆ ಹೋಗಲು ವೀಸಾವೇ ಬೇಡ. ಗಡಿಯಲ್ಲಿ ತಡೆದು ಕೇಳುವವರಿಲ್ಲದಿರುವುದರಿಂದ, ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕಾಠ್ಮಂಡುವಿಗೆ ಹೊರಟವರು ಮೇಲಿನ ಪ್ರಶ್ನೆಗಳನ್ನು ತಾವೇ ಕೇಳಿಕೊಳ್ಳಬೇಕಾಗುತ್ತದೆ.

ಇಲ್ಲಿಗೆ ಬರುವವರ ವಿಷಯ

ಭಾರತಕ್ಕೂ ಸ್ವಯಂಸೇವಕರು ಬರುತ್ತಾರೆ. ವಿದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ರಜೆಯಲ್ಲಿ ಬಂದಾಗ ಇಲ್ಲಿನ ಮಕ್ಕಳ ಗೃಹದಲ್ಲಿ ಕೆಲವು ದಿನ ಸೇವೆ ಮಾಡಲೆಂದು ಬಯಸುವ ತಂದೆ ತಾಯಿಯರೂ ಇದ್ದಾರೆ. ಭಾರತದ ಇ-ಪ್ರವಾಸಿ ವೀಸಾ ಗರಿಷ್ಠ ಒಂದು ತಿಂಗಳವರೆಗೆ ಹಣ ಪಡೆಯದ ಸ್ವಯಂಸೇವೆಗೆ ಅವಕಾಶ ಕೊಡುತ್ತದೆ. ವೀಸಾ ಒಪ್ಪಿದ ಮಾತ್ರಕ್ಕೆ ಮಗುವಿಗೆ ಒಳಿತಾಯಿತೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಂತೆ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಿರಬೇಕು. ಅಲ್ಲಿನ ಮಗುವಿನ ಚಿತ್ರ ಅಥವಾ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದು 74ನೇ ಕಲಮಿನಡಿ ಅಪರಾಧ. ಆರು ತಿಂಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಬೀಳಬಹುದು. ಬಾಲಮಂದಿರದಲ್ಲಿ ಹುಟ್ಟುಹಬ್ಬ ಆಚರಿಸಿ ಫೋಟೊ ಹಾಕುವವರಿಗೂ ಇದು ಅನ್ವಯಿಸುತ್ತದೆ.

ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಕಷ್ಟದಲ್ಲಿರುವ ಅರ್ಹ ಕುಟುಂಬ ಮಗುವನ್ನು ಗೃಹಕ್ಕೆ ಸೇರಿಸದೆ ಮನೆಯಲ್ಲೇ ಉಳಿಸಿಕೊಳ್ಳಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ವಿದೇಶಕ್ಕೆ ಹೋಗಿಬರುವ ಒಂದು ವಿಮಾನ ಪ್ರಯಾಣದ ಹಣ ಇಂಥ ನೆರವಿನ ಹಲವು ತಿಂಗಳಿಗೆ ಸಮ. ಈ ಸೌಲಭ್ಯದ ಬಗ್ಗೆ ಗೊತ್ತಿಲ್ಲದೆ, ಬಡತನವೊಂದೇ ಕಾರಣವಾಗಿ ಮಕ್ಕಳನ್ನು ಗೃಹಕ್ಕೆ ಬಿಡುವ ಒಂಟಿ ತಾಯಂದಿರಿದ್ದಾರೆ. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು. ನೋಂದಣಿಯಿಲ್ಲದ ಗೃಹದ ಬಗ್ಗೆ ಅನುಮಾನವಿದ್ದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ, ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ.